ಬಾಲ ಕಳೆದುಕೊಂಡ ಧೂಮಕೇತು

ಅರೆನಿದ್ದೆಯಲ್ಲಿದ್ದಂತೆ ಮೆಲ್ಲಗೆ ಸೂರ್ಯನನ್ನು ಸುತ್ತುತ್ತಿದ್ದ ಪುಟ್ಟ ಕಲ್ಲಿನ ಕ್ಷುದ್ರಗ್ರಹವೊಂದರ ಪಕ್ಕದಲ್ಲಿ, ನೂರು ವರ್ಷಕ್ಕೊಮ್ಮೆ ಬೆಳ್ಳಿಬಾಲದ ಧೂಮಕೇತು ಹಾದುಹೋಗುತ್ತಿತ್ತು. "ಇನ್ನೂ ಅದೇ ದಾರಿ ಸವೆಸುತ್ತಿದ್ದೀಯಾ, ಕಲ್ಲೇ?" ಎಂದು ಪ್ರತಿ ಸಲವೂ ನಗುತ್ತಿತ್ತು.

"ಹೌದಪ್ಪ, ಇದೇ ನನ್ನ ದಾರಿ" ಎನ್ನುತ್ತಿತ್ತು ಕ್ಷುದ್ರಗ್ರಹ.

ಸೂರ್ಯನ ಹತ್ತಿರ ಹೋದಾಗಲೆಲ್ಲ ಧೂಮಕೇತುವಿನ ಹಿಮ ಕರಗುತ್ತಿತ್ತು. ಕೊನೆಗೊಂದು ಸಲ ಅದು ಬಾಲವೇ ಇಲ್ಲದೆ, ಕರ್ರಗಿನ ಬೋಳುಗಲ್ಲಾಗಿ ಬಂತು. ಈ ಸಲ ನಗಲಿಲ್ಲ. ಗುರುತು ಸಿಗದಿರಲಿ ಎಂದು ಸದ್ದಿಲ್ಲದೆ ದಾಟಿಹೋಗಲು ನೋಡಿತು.

"ಯಾರದು?" ಎಂದಿತು ಕ್ಷುದ್ರಗ್ರಹ.

"ನಾನೇ, ಆ ಧೂಮಕೇತು. ದಯವಿಟ್ಟು ನನ್ನನ್ನು ನೋಡಬೇಡ."

"ಇಷ್ಟು ಕಾಲ ನೋಡಲು ಆಗಿರಲೇ ಇಲ್ಲವಲ್ಲ! ನಿನ್ನ ಬೆಳಕಿಗೆ ಕಣ್ಣು ಕೋರೈಸುತ್ತಿತ್ತು. ನಿನ್ನ ಮುಖ ಕಂಡದ್ದೇ ಇವತ್ತು. ಅರೆ, ನೀನು ನಮ್ಮ ಪೈಕಿಯೇ!"