ಬಂಡೆಯ ಮೇಲಿನ ಕಾವಿ

ಹೊಳೆದಂಡೆಯ ಒಂದು ಮಠದಲ್ಲಿ ಹಾಲಪ್ಪ, ಮೃತ್ಯುಂಜಯ ಎಂಬ ಇಬ್ಬರು ಶಿಷ್ಯರಿದ್ದರು. ಮರುದಿನ ಇಬ್ಬರಿಗೂ ದೀಕ್ಷೆ.

ಗುರು ಚೆನ್ನವೀರ ಸ್ವಾಮಿಗಳು ತಾವೇ ಎರಡು ಬಟ್ಟೆಗಳಿಗೆ ಕಾವಿ ಹಾಕಿ ಹೊಳೆಯ ಬಳಿ ಒಣಗಲು ಹರವಿದ್ದರು. ಕರಿಬಂಡೆಯ ಮೇಲಿನದು ಮೃತ್ಯುಂಜಯನಿಗೆ, ಬಿಳಿ ಮರಳಿನ ಮೇಲಿನದು ಹಾಲಪ್ಪನಿಗೆ ಎಂದು ಬೆಳಿಗ್ಗೆಯೇ ಹೇಳಿದ್ದರು.

ನೀರಿಗೆಂದು ಬಂದ ಹಾಲಪ್ಪ ಅಲ್ಲೇ ನಿಂತುಬಿಟ್ಟ. ಬಂಡೆಯ ಮೇಲಿನ ಬಟ್ಟೆ ಕೆಂಡದಂತೆ ಬೆಳಗುತ್ತಿತ್ತು. ತನ್ನದು ಮಂಕು, ಯಾರೋ ಉಟ್ಟು ಬಿಟ್ಟ ಹಾಗೆ.

ಗುರುಗಳಿಗೆ ಮೊದಲಿನಿಂದಲೂ ಮೃತ್ಯುಂಜಯನ ಮೇಲೇ ಒಲವು ಎಂದುಕೊಂಡ.

ಊಟ ಸೇರಲಿಲ್ಲ. ಜಪಕ್ಕೆ ಕೂತರೆ ಮಣಿ ಬೆರಳಲ್ಲಿ ನಿಲ್ಲಲಿಲ್ಲ. ಮಧ್ಯಾಹ್ನ ಎಲ್ಲರೂ ಅಡ್ಡಾಗಿದ್ದಾಗ ಹೊಳೆಗೆ ಓಡಿದವನೇ ಬಟ್ಟೆಗಳನ್ನು ಅದಲುಬದಲು ಮಾಡಿದ.

ಹಿಂದೆ ಸರಿದು ನೋಡಿದ. ಮರಳಿಗೆ ಬಂದ ಬಟ್ಟೆ ಮಂಕಾಗಿತ್ತು. ಬಿಟ್ಟುಕೊಟ್ಟದ್ದೇ ಬಂಡೆಯ ಮೇಲೆ ಬೆಳಗುತ್ತಿತ್ತು.

ಅವಸರದಲ್ಲಿ ಎಡವಟ್ಟಾಯಿತೇನೋ ಎಂದು ಮತ್ತೆ ಬದಲಿಸಿದ. ಮತ್ತೆ ಅದೇ. ಬದಲಿಸಿದ, ನೋಡಿದ, ಬದಲಿಸಿದ. ಮೈಯೆಲ್ಲ ಬೆವರು.

"ಏನು ಹಾಲಪ್ಪ, ಮರಳು ಕಾಲು ಸುಡುತ್ತಿಲ್ಲವೇ?"

ಸ್ವಾಮಿಗಳು ಬೆನ್ನ ಹಿಂದೆ ನಿಂತಿದ್ದರು.

ಎರಡೂ ಬಟ್ಟೆ ಎದೆಗವಚಿಕೊಂಡು ಅವನು ತಲೆ ತಗ್ಗಿಸಿದ. "ತಪ್ಪಾಯಿತು ಬುದ್ಧಿ. ಒಳ್ಳೆಯದು ನನಗಿರಲಿ ಅಂತ..."

"ಆಗಲಿ, ತಗೋ. ಒಳ್ಳೆಯದು ಯಾವುದು?"

ಹಾಲಪ್ಪ ಒಂದರ ಮೇಲೊಂದು ಇಟ್ಟು ನೋಡಿದ. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದೇ ತಿಳಿಯಲಿಲ್ಲ.

"ಎರಡೂ ಒಂದೇ ಬಣ್ಣ ಬುದ್ಧಿ. ನನ್ನದು ಯಾವುದು ಅಂತಲೂ ಈಗ ಗೊತ್ತಾಗುತ್ತಿಲ್ಲ."

"ಒಂದೇ ಮಡಕೆಯಲ್ಲಿ ಅದ್ದಿದ್ದು." ಸ್ವಾಮಿಗಳು ಬಟ್ಟೆಗಳನ್ನು ಇಸಿದುಕೊಂಡು ಒಂದನ್ನು ಮರಳಿನ ಮೇಲೆ, ಇನ್ನೊಂದನ್ನು ಬಂಡೆಯ ಮೇಲೆ ಹರವಿದರು. "ಈಗ ನೋಡು."

ಹಾಲಪ್ಪ ನೋಡಿದ. ಕಣ್ಣುಜ್ಜಿಕೊಂಡು ನೋಡಿದ. ಅಳುವೇ ಬಂತು.

"ಒಂದೇ ಅಂತ ಗೊತ್ತಿದ್ದರೂ ಬಂಡೆ ಮೇಲಿನದೇ ಚೆಂದ ಕಾಣುತ್ತೆ ಬುದ್ಧಿ! ಈ ಕಣ್ಣು ಸರಿಹೋಗುವುದು ಯಾವಾಗ? ತಮಗೆ ಹೇಗೆ ಕಾಣುತ್ತೆ?"

ಸ್ವಾಮಿಗಳು ಹೋಗಿ ಮರದ ನೆರಳಲ್ಲಿ ಕೂತರು.

"ನನಗೂ ಹಾಗೇ ಕಾಣುತ್ತೆ ಕಣಪ್ಪ. ನಾನು ಎದ್ದು ಓಡಲ್ಲ, ಅಷ್ಟೇ."