ಹತ್ತನೆಯ ತುಂಡು

ಮಲಬಾರಿನ ಹೊಳೆಯಂಚಿನ ಒಂದು ಯಹೂದಿ ಬೀದಿಯಲ್ಲಿ ಪೂಜ್ಯ ಶಬ್ತಾಯ್ ಹಖಾಮರು ವಾಸವಾಗಿದ್ದರು. ಹಖಾಮ್ ಎಂದರೆ ಆ ಜನರಲ್ಲಿ ಶಾಸ್ತ್ರ ಬಲ್ಲ ಹಿರಿಯರು. ಸಭಾಮಂದಿರದ ಪಕ್ಕದ ಒಂಟಿ ಕೋಣೆ, ಒಂದು ಚಾಪೆ, ಹರಿದ ಪ್ರಾರ್ಥನಾ ಪುಸ್ತಕಗಳನ್ನು ಹೊಲಿಯುವ ಸೂಜಿದಾರ, ಇಷ್ಟೇ ಅವರ ಆಸ್ತಿ. ಆ ಬೀದಿಯವರೆಲ್ಲ ಎಂದೋ ಹಡಗು ಹತ್ತಿ ಪೂರ್ವಜರ ನಾಡಿಗೆ ಹೋಗಿಬಿಟ್ಟರು. ತಮ್ಮವರು ದಾಸ್ಯದಿಂದ ಪಾರಾದ ನೆನಪಿಗೆ ಆಚರಿಸುವ ಪಸ್ಕ ಹಬ್ಬಕ್ಕೆ ಮನೆಮನೆಗೂ ಬಳಿಯುತ್ತಿದ್ದ ಹೊಸ ಸುಣ್ಣದ ವಾಸನೆಯನ್ನು ನೆನೆದರೆ ಇಂದಿಗೂ ಎದೆ ತುಂಬಿ ಬರುತ್ತದೆ.

ಪಸ್ಕದ ದಿನಗಳಲ್ಲಿ ಅವರ ಮನೆಗಳಲ್ಲಿ ಹುಳಿಹಿಟ್ಟಿನ, ಎಂದರೆ ಹುದುಗೆದ್ದ ಹಿಟ್ಟಿನ, ಒಂದು ಚೂರೂ ಇರಕೂಡದು. ಅದಕ್ಕಾಗಿ ಹಿಂದಿನ ಸಂಜೆ ಮನೆಯೊಡತಿ ಹುಳಿರೊಟ್ಟಿಯ ಹತ್ತು ತುಂಡುಗಳನ್ನು ಅಲ್ಲಲ್ಲಿ ಬಚ್ಚಿಡುತ್ತಾಳೆ. ಯಜಮಾನ ದೀಪ ಹಿಡಿದು ಹುಡುಕಿ, ಕೋಳಿಗರಿಯಿಂದ ಮರದ ಸೌಟಿಗೆ ಗುಡಿಸಿಕೊಳ್ಳುತ್ತಾನೆ. ಬೆಳಿಗ್ಗೆ ಹತ್ತನ್ನೂ ಸಭಾಮಂದಿರದ ಅಂಗಳದಲ್ಲಿ ಸುಡಬೇಕು.

ಆ ವರ್ಷ ಬೆಂಕಿಯ ಮುಂದೆ ಬಂದು ನಿಂತ ಹಗ್ಗದ ವ್ಯಾಪಾರಿ ಮೆನಾಹೆಮನ ಸೌಟಿನಲ್ಲಿ ಒಂಬತ್ತೇ ತುಂಡುಗಳಿದ್ದವು. ಅವನ ಹೆಂಡತಿ ರಿವ್ಕಾಳಿಗೆ ಎರಡು ವರ್ಷದಿಂದ ಮರೆವಿನ ಕಾಯಿಲೆ. ಹತ್ತನೆಯದನ್ನು ಎಲ್ಲಿಟ್ಟಳೋ ಅವಳಿಗೇ ಗೊತ್ತಿರಲಿಲ್ಲ. ಮೆನಾಹೆಮನೋ ಕಟ್ಟಾ ಆಚಾರವಂತ, ಕೋಪ ಮೂಗಿನ ತುದಿಯಲ್ಲೇ. ಮನೆಯನ್ನೆಲ್ಲ ತಲೆಕೆಳಗು ಮಾಡಿ ಬಂದಿದ್ದ.

"ಗುರುಗಳೇ, ನನ್ನ ಹಬ್ಬ ಕೆಟ್ಟಿತು. ಇವಳನ್ನು ಇವತ್ತೇ ದೋಣಿ ಹತ್ತಿಸಿ ಇವಳ ತಮ್ಮನ ಮನೆಗೆ ಕಳಿಸಿಬಿಡ್ತೀನಿ. ಇನ್ನು ಇವಳ ಕೈಲಿ ಮನೆ ನಡೆಯೋದಿಲ್ಲ."

ರಿವ್ಕಾ ಬಟ್ಟೆಯ ಗಂಟು ಹಿಡಿದು ಹಿಂದೆ ನಿಂತಿದ್ದಳು. ಎಲ್ಲಿಗೆ ಹೊರಟಿದ್ದೇವೆಂದು ದಾರಿಯಲ್ಲಿ ಎರಡು ಸಲ ಕೇಳಿ, ಎರಡು ಸಲವೂ ಬೈಸಿಕೊಂಡಿದ್ದಳು.

ಪೂಜ್ಯರು ಬೆಂಕಿಗೆ ಒಂದು ತೆಂಗಿನ ಕರಟ ಹಾಕಿ ಕೇಳಿದರು: "ಹತ್ತು ತುಂಡು ಬಚ್ಚಿಡೋದು ಯಾಕಪ್ಪ?"

"ಗುಡಿಸಿ ತೊಳೆದ ಮನೆಯಲ್ಲಿ ಏನು ಸಿಗುತ್ತೆ? ಹುಡುಕಿದವನು ಬರಿಗೈಲಿ ಬರಬಾರದು ಅಂತ."

"ಎಷ್ಟು ವರ್ಷದಿಂದ ಬಚ್ಚಿಡ್ತಾ ಬಂದಿದ್ದಾಳೆ?"

"ನಲವತ್ತೊಂದು."

ಹೇಳುತ್ತಿದ್ದಂತೆ ಮೆನಾಹೆಮನ ದನಿ ತಗ್ಗಿತು. ಮದುವೆಯಾದ ಮೊದಲ ಪಸ್ಕದಲ್ಲಿ ಅವನು ತಪ್ಪು ಮೂಲೆಯಲ್ಲಿ ತಡಕಾಡಿದಾಗಲೆಲ್ಲ ಬಾಗಿಲ ಮರೆಯಿಂದ ರಿವ್ಕಾಳ ಬಳೆಗಳ ಸದ್ದು ಬರುತ್ತಿತ್ತು. ಸರಿಯಾದ ಕಡೆ ತಿರುಗುವ ತನಕ ಆ ಸದ್ದು ನಿಲ್ಲುತ್ತಿರಲಿಲ್ಲ. ಒಂದು ವರ್ಷವೂ ಅವಳು ಅವನನ್ನು ಬರಿಗೈಲಿ ಬಿಟ್ಟವಳಲ್ಲ.

"ಸರಿ, ಸುಡುವ ಮಂತ್ರ ಹೇಳು," ಎಂದರು ಪೂಜ್ಯರು.

ಮೆನಾಹೆಮ್ ಒಂಬತ್ತನ್ನೂ ಬೆಂಕಿಗೆ ಸುರಿದು ಶುರುಮಾಡಿದ: "ನನ್ನ ಮನೆಯಲ್ಲಿರುವ ಹುಳಿಯೆಲ್ಲ, ನಾನು ಕಂಡದ್ದೂ ಕಾಣದ್ದೂ, ತೆಗೆದದ್ದೂ ತೆಗೆಯದ್ದೂ, ನೆಲದ ಮಣ್ಣಿಗೆ ಸಮನಾಗಲಿ..." ಅಲ್ಲಿಗೆ ಅವನು ತಿರುಗಿ ರಿವ್ಕಾಳನ್ನು ನೋಡಿದ. ವರ್ಷ ವರ್ಷವೂ ಪಟಪಟನೆ ಒಪ್ಪಿಸುತ್ತಿದ್ದ ಮಾತನ್ನು ಅವನು ಕಿವಿಗೊಟ್ಟು ಕೇಳಿದ್ದು ಅದೇ ಮೊದಲು.

ಪೂಜ್ಯರೆಂದರು: "ಸಿಗದೆ ಹೋಗುವ ತುಂಡಿಗೂ ಹಿರಿಯರು ಈ ಮಂತ್ರದಲ್ಲಿ ಜಾಗ ಇಟ್ಟಿದ್ದಾರೆ. ನಿನ್ನ ಮನೆಯಲ್ಲಿ ರಿವ್ಕಾಳಿಗೆ ಜಾಗ ಇಲ್ಲವೇ?"

ಮೆನಾಹೆಮ್ ಅವರ ಪಾದದ ಬಳಿ ಕುಸಿದು ಅತ್ತ. ಆಮೇಲೆ ಎದ್ದು ಹೆಂಡತಿಯ ಕೈಯಿಂದ ಗಂಟು ತೆಗೆದುಕೊಂಡ.

"ಎಲ್ಲಿಗೆ?" ಎಂದು ರಿವ್ಕಾ ಮೂರನೆಯ ಸಲ ಕೇಳಿದಳು.

"ಮನೆಗೆ ಕಣೇ," ಎಂದ.

ಮರುವರ್ಷ ತುಂಡುಗಳನ್ನು ಬಚ್ಚಿಟ್ಟವನು ಮೆನಾಹೆಮ್, ಹುಡುಕಿದವಳು ರಿವ್ಕಾ. ಅವಳು ದಿಕ್ಕು ತಪ್ಪಿದಾಗಲೆಲ್ಲ ಬಾಗಿಲ ಮರೆಯಿಂದ ಅವನು ಕೆಮ್ಮುತ್ತಿದ್ದ. ಒಂಬತ್ತು ಸಿಕ್ಕವು. ಹತ್ತನೆಯದನ್ನು ಎಲ್ಲಿಟ್ಟೆನೆಂಬುದು ಅವನಿಗೇ ಮರೆತುಹೋಗಿತ್ತು. ತಬ್ಬಿಬ್ಬಾಗಿ ನಿಂತ ಗಂಡನನ್ನು ರಿವ್ಕಾ ದೀಪವೆತ್ತಿ ನೋಡಿದಳು, ನಕ್ಕಳು.

"ಇರಲಿ ಬಿಡಿ," ಎಂದಳು. "ಮಂತ್ರ ಹೇಳಿ."