ಏಳನೆಯ ಬಾವುಟ

ಭೂಮಿಯ ಉತ್ತರದ ತುದಿ. ಮರ ಬೆಳೆಯದ ಹಿಮದ ಬಯಲು. ಅಲ್ಲಿ ತಿಪ್ಪಣ್ಣ ಮೇಷ್ಟ್ರು ಆರು ಜನ ವಿದ್ಯಾರ್ಥಿಗಳೊಂದಿಗೆ ಚಳಿಗಾಲದ ಅಧ್ಯಯನಕ್ಕೆ ಬಂದಿದ್ದರು.

ಸೂರ್ಯ ಹುಟ್ಟದ ತಿಂಗಳು ಅದು. ನಡುಹಗಲಿಗೆ ಒಂದೆರಡು ತಾಸು ನೀಲಿ ಮಬ್ಬು. ಅಷ್ಟೇ ಹಗಲು.

ಅವರು ಹೆಪ್ಪುಗಟ್ಟಿದ ಸರೋವರವೊಂದನ್ನು ದಾಟಬೇಕಿತ್ತು.

ಅದಕ್ಕೆ ಮೇಷ್ಟ್ರದ್ದು ಒಂದು ಕ್ರಮ. ಐವತ್ತು ಹೆಜ್ಜೆಗೊಮ್ಮೆ ಬೈರಿಗೆಯಿಂದ ಮಂಜುಗಡ್ಡೆ ಕೊರೆದು, ದಪ್ಪ ಅಳೆದು ಪುಸ್ತಕದಲ್ಲಿ ಬರೆದು, ಕೆಂಪು ಬಾವುಟ ನೆಡಬೇಕು. ದಾಟುವಾಗ, ಅಳೆದವನೇ ಆ ಅಂಕಿಯನ್ನು ಗಟ್ಟಿಯಾಗಿ ಓದಬೇಕು. ಕೇಳಿದ ಮೇಲೆ ಮೊದಲು ಮೇಷ್ಟ್ರು ಹೆಜ್ಜೆ ಇಡುವರು. ಹಿಂದೆ ಸಾಮಾನು ತುಂಬಿದ ಹಿಮಬಂಡಿ, ಉಳಿದವರು.

ಹಿಂದಿನ ದಿನ ಅರ್ಧ ಸರೋವರ ಅಳೆದು ಬಂದವನು ರಾಯಚೂರಿನ ನಾಗಭೂಷಣ. ಏಳು ಬಾವುಟ ನೆಟ್ಟಿದ್ದ. ಕೊರೆದದ್ದು ಆರೇ ಕಡೆ.

ಏಳನೆಯದಕ್ಕೆ ಬರುವಷ್ಟರಲ್ಲಿ ಬೆರಳುಗಳು ಅವನ ಮಾತು ಕೇಳುತ್ತಿರಲಿಲ್ಲ. ಆರೂ ಕಡೆ ನಲವತ್ತು ಸೆಂಟಿಮೀಟರಿನ ಆಸುಪಾಸು. ಇಲ್ಲಿ ಬೇರೆ ಏನಿದ್ದೀತು? ನಲವತ್ತೆರಡು ಎಂದು ಬರೆದು ಮರಳಿದ್ದ.

ರಾತ್ರಿಯ ಗಾಳಿ ತೂತುಗಳನ್ನೆಲ್ಲ ಹಿಮದಿಂದ ಮುಚ್ಚಿತ್ತು.

ಹೊರಡುವಾಗ ಜೊತೆಯ ಸುನೀತಿ ಛೇಡಿಸಿದಳು: “ಏನೋ ನಾಗೂ, ಕೈಬೆರಳು ಇವೆಯಾ, ನಿನ್ನೆ ಅಲ್ಲೇ ಬಿಟ್ಟು ಬಂದೆಯಾ?”

“ಹತ್ತೂ ಇವೆ ಮಾರಾಯ್ತಿ. ಎಣಿಸಿಕೊಂಡೆ.”

ಮೊದಲ ಬಾವುಟ.

“ನಲವತ್ತೊಂದು.”

ಮೇಷ್ಟ್ರು ನಡೆದರು. ಬಂಡಿ ಕಿರುಗುಟ್ಟುತ್ತ ಹಿಂಬಾಲಿಸಿತು.

“ನಲವತ್ತಮೂರು.” “ಮೂವತ್ತೊಂಬತ್ತು.”

ಆರು ಬಾವುಟ ಹಿಂದಾದವು. ಏಳನೆಯದು ಬಂತು. ನಾಗಭೂಷಣ ಪುಸ್ತಕದ ಹಾಳೆಯನ್ನೇ ನೋಡುತ್ತ ನಿಂತ.

“ಓದಪ್ಪ,” ಎಂದರು ಮೇಷ್ಟ್ರು.

ನೀರಿನ ಒಳಹರಿವು ಮಂಜುಗಡ್ಡೆಯನ್ನು ಕೆಳಗಿನಿಂದ ಸವೆಸುತ್ತದೆ, ಮೇಲಿಂದ ಗೊತ್ತಾಗುವುದಿಲ್ಲ ಎಂದು ಅವರೇ ಹೇಳಿದ್ದರು. ನಿನ್ನೆ ಅದು ಹೊತ್ತದ್ದು ಅವನೊಬ್ಬನನ್ನು. ಇಂದು ಏಳು ಜನ, ಮೇಲೆ ಬಂಡಿ.

“ನಲವತ್ತೆರಡು.”

ಮೇಷ್ಟ್ರು ಕಾಲೆತ್ತಿದರು.

“ಸರ್, ನಿಲ್ಲಿ!”

ಎತ್ತಿದ ಕಾಲನ್ನು ಅವರು ಹಿಂದಕ್ಕೆ ಇಟ್ಟರು.

“ಇಲ್ಲಿ ನಾನು ಕೊರೆಯಲಿಲ್ಲ ಸರ್. ಸುಮ್ಮನೆ ಬರೆದೆ.”

ಸುನೀತಿ ಬಂಡಿಯ ಹಗ್ಗವನ್ನು ಮೆಲ್ಲನೆ ಕೆಳಗಿಟ್ಟಳು.

ಮೇಷ್ಟ್ರು ಬೈಯಲಿಲ್ಲ. ಎಲ್ಲರನ್ನೂ ಆರನೆಯ ಬಾವುಟಕ್ಕೆ ಹಿಂದೆ ಕಳಿಸಿದರು. ನಾಗಭೂಷಣನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೆ ಬಿಗಿದುಕೊಂಡರು. ಪುಸ್ತಕ ತೆಗೆದುಕೊಂಡು ಬೈರಿಗೆಯನ್ನು ಅವನ ಕೈಗೆ ಕೊಟ್ಟರು.

ಅವನು ಕೊರೆದ. ಬೆರಳು ಮರಗಟ್ಟಿದವು, ಕೊರೆದ. ಕೊನೆಗೆ ಕಪ್ಪು ನೀರು ಉಕ್ಕಿತು. ಅಳತೆಗೋಲು ಇಳಿಸಿ ನೋಡಿದ. ಮತ್ತೊಮ್ಮೆ ನೋಡಿದ.

“ನಲವತ್ತೆರಡು, ಸರ್!” ಅವನು ತಿರುಗಿ ಕೂಗಿದ. “ಸರಿಯಾಗಿ ನಲವತ್ತೆರಡು. ನಾನು ಬರೆದದ್ದು ಸರಿಯಾಗೇ ಇತ್ತು!”

ಮೇಷ್ಟ್ರು ಮುಂದಿನ ಬಯಲನ್ನು ನೋಡಿದರು. ಅಲ್ಲಿ ಇನ್ನೂ ಬಾವುಟಗಳಿರಲಿಲ್ಲ. ಅವರು ತಮ್ಮ ಸೊಂಟದ ಹಗ್ಗ ಬಿಚ್ಚಿ, ಅಳತೆಯ ಪುಸ್ತಕವನ್ನು ಅವನ ಮುಂದೆ ಹಿಡಿದರು.

“ಹಾಗಾದರೆ ಎಂಟನೆಯದನ್ನು ಕೊರೆಯಬೇಡ. ಅಂಕಿ ಬರೆದುಕೊಂಡು ನೀನೇ ಮುಂದೆ ನಡಿ. ನಾವೆಲ್ಲ ನಿನ್ನ ಹಿಂದೆ ಬರುತ್ತೇವೆ.”